ಕೊಲೆಯೆಂಬ ಸುದ್ದಿಯ 82 ದಿನ

2007ರ ಮಾರ್ಚ್ 17, ಶನಿವಾರ. ವೆಸ್ಟ್ ಇಂಡೀಸ್‌ನಲ್ಲಿ ವಿಶ್ವಕಪ್ ಕ್ರಿಕೆಟ್ ಶುರುವಾಗಿ ಆಗಿನ್ನೂ ಐದನೇ ದಿನ. ಅಂದು ಪೋರ್ಟ್ ಆಫ್ ಸ್ಪೇನ್‌ನಲ್ಲಿ ರಾಹುಲ್ ದ್ರಾವಿಡ್ ನಾಯಕತ್ವದ ಭಾರತ 191 ರನ್ನಿಗೆ ಆಲೌಟಾಗಿ ಬಾಂಗ್ಲಾದೇಶಕ್ಕೆ ಸೋತಿತು. ಬೆಂಗಳೂರಿನಲ್ಲಿ ಟಿವಿ ಮುಂದೆ ಕೂತವರು ಆ ಸೋಲನ್ನು ನಂಬಿ ಎದ್ದು ಮಲಗುವಷ್ಟರಲ್ಲಿ ನಡುರಾತ್ರಿ ಕಳೆದಿತ್ತು. ಅದೇ ಹೊತ್ತಿನಲ್ಲಿ ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಇಂಜಮಾಮ್ ಉಲ್ ಹಕ್ ನಾಯಕತ್ವದ ಪಾಕಿಸ್ತಾನ ಐರ್ಲೆಂಡ್ ಎದುರು ತತ್ತರಿಸುತ್ತಿತ್ತು. ಉಪಖಂಡದ ಎರಡು ದೊಡ್ಡ ತಂಡಗಳು ಒಂದೇ ದಿನ ಮಣ್ಣುಮುಕ್ಕಿದವು. ಅಷ್ಟೇ ಆಗಿದ್ದರೆ ಅದು ಆಟದ ಪುಟದಲ್ಲೇ ಮುಗಿಯುವ ಸುದ್ದಿ. ಮರುದಿನ ಪಾಕಿಸ್ತಾನದ ಕೋಚ್ ಬಾಬ್ ವುಲ್ಮರ್ ತೀರಿಕೊಂಡರು. ನಾಲ್ಕು ದಿನದ ಮೇಲೆ ಜಮೈಕಾ ಪೊಲೀಸರು ಅದನ್ನು ಕೊಲೆ ಎಂದರು. ಅಲ್ಲಿಂದ 82 ದಿನ ಒಂದು ದೇಶದ ಇಡೀ ತಂಡ, ಯಾರೂ ಮಾಡದ ತಪ್ಪಿಗೆ, ಲೋಕದ ಕಣ್ಣಲ್ಲಿ ಆರೋಪಿಯಾಗಿ ನಿಂತಿತ್ತು.

ಕಿಂಗ್‌ಸ್ಟನ್‌ನ ಸಬೀನಾ ಪಾರ್ಕ್ ಮೈದಾನದಲ್ಲಿ ಅಂದು ನಡೆದದ್ದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಮುಂದೆ ಹುಟ್ಟಿದ ಸಂಶಯಕ್ಕೆಲ್ಲ ಆ ಪಂದ್ಯವೇ ಮೂಲವಾಯಿತು. ಐರ್ಲೆಂಡ್‌ಗೆ ಅದು ಮೊದಲ ವಿಶ್ವಕಪ್. ಆ ತಂಡದ ಬಹುಪಾಲು ಆಟಗಾರರಿಗೆ ಹೊಟ್ಟೆಪಾಡಿಗೆ ಬೇರೆ ಕೆಲಸಗಳಿದ್ದವು. ಮಾರ್ಚ್ 17 ಅವರ ನಾಡಹಬ್ಬ, ಸಂತ ಪ್ಯಾಟ್ರಿಕ್‌ನ ದಿನ. ಪಿಚ್ ಮೇಲೆ ಹಸಿರಿತ್ತು, ಮೋಡ ಕವಿದಿತ್ತು. ಎತ್ತರದ ವೇಗಿ ಬಾಯ್ಡ್ ರ‍್ಯಾಂಕಿನ್ ಮತ್ತು ಜೊತೆಗಾರರು ಚೆಂಡನ್ನು ಅತ್ತಿತ್ತ ಅಲುಗಾಡಿಸುತ್ತಿದ್ದರೆ ಪಾಕಿಸ್ತಾನದ ಬ್ಯಾಟುಗಳು ಅಂಚು ಕೊಡುತ್ತ ಹೋದವು. 132ಕ್ಕೆ ಎಲ್ಲರೂ ಔಟ್. ಉತ್ತರವಾಗಿ ವಿಕೆಟ್ ಕೀಪರ್ ನೀಲ್ ಓಬ್ರಯನ್ 72 ರನ್ ಹೊಡೆದರು. ನಡುವೆ ಮಳೆ ಬಂದು ಗುರಿ ಕೊಂಚ ತಗ್ಗಿತು. ಕೊನೆಗೆ ನಾಯಕ ಟ್ರೆಂಟ್ ಜಾನ್‌ಸ್ಟನ್ ಸಿಕ್ಸರ್ ಎತ್ತಿ 3 ವಿಕೆಟ್‌ಗಳ ಗೆಲುವು ತಂದರು. ಆಟ ಗೊತ್ತಿದ್ದವರ ಕಣ್ಣಿಗೆ ಇದರಲ್ಲಿ ಒಗಟೇನೂ ಇಲ್ಲ. ಹಸಿರು ಪಿಚ್, ತೇವದ ಗಾಳಿ, ಮೊದಲ ಪಂದ್ಯದಲ್ಲಿ ವೆಸ್ಟ್ ಇಂಡೀಸ್‌ಗೆ ಸೋತು ಹೆದರಿದ್ದ ತಂಡ. ಆದರೆ ಆ ಸೋಲಿನಿಂದ ಪಾಕಿಸ್ತಾನ ವಿಶ್ವಕಪ್‌ನಿಂದಲೇ ಹೊರಬಿತ್ತು. ಇಂಜಮಾಮ್‌ರ ಊರು ಮುಲ್ತಾನ್‌ನಲ್ಲಿ ನಾಯಕನ, ಕೋಚ್‌ನ ಪ್ರತಿಕೃತಿಗಳು ಬೆಂಕಿಗೆ ಬಿದ್ದವು.

ವುಲ್ಮರ್ ಭಾರತಕ್ಕೆ ಅಪರಿಚಿತರಲ್ಲ. ಅವರು ಹುಟ್ಟಿದ್ದು 1948ರಲ್ಲಿ ಕಾನ್ಪುರದಲ್ಲಿ, ಗ್ರೀನ್ ಪಾರ್ಕ್ ಮೈದಾನದ ಹತ್ತಿರದ ಆಸ್ಪತ್ರೆಯಲ್ಲಿ. ತಂದೆ ಕ್ಲಾರೆನ್ಸ್ ವುಲ್ಮರ್ ಯುನೈಟೆಡ್ ಪ್ರಾವಿನ್ಸಸ್ ಪರ ರಣಜಿ ಆಡಿದವರು. ಮಗ ಇಂಗ್ಲೆಂಡ್ ಪರ 19 ಟೆಸ್ಟ್ ಆಡಿ ಮೂರು ಶತಕ ಬಾರಿಸಿದ. ಮೂರೂ ಆಸ್ಟ್ರೇಲಿಯಾ ಎದುರು. 1975ರಲ್ಲಿ ಓವಲ್‌ನಲ್ಲಿ ಎಂಟು ಗಂಟೆಗೂ ಮೀರಿ ಕ್ರೀಸಿಗೆ ಅಂಟಿ 149 ಗಳಿಸಿ ಟೆಸ್ಟ್ ಉಳಿಸಿದ್ದು ಆ ಪೈಕಿ ಒಂದು. ಆದರೆ ಅವರ ನಿಜವಾದ ಪ್ರತಿಭೆ ಕಂಡದ್ದು ಕೋಚ್ ಆದಮೇಲೆ. ಬ್ಯಾಟ್ಸ್‌ಮನ್ನಿನ ಕಾಲ ಚಲನೆಯನ್ನು ಕಂಪ್ಯೂಟರಿನಲ್ಲಿ ಬಿಡಿಸಿ ನೋಡುವುದನ್ನು, ರಿವರ್ಸ್ ಸ್ವೀಪನ್ನು ನೆಟ್ಸ್‌ನಲ್ಲಿ ಕೂತು ಕಲಿಸುವುದನ್ನು ಬೇರೆಯವರು ಯೋಚಿಸುವ ಮೊದಲೇ ಮಾಡಿದರು. 1994ರಲ್ಲಿ ಅವರ ವಾರ್ವಿಕ್‌ಷೈರ್ ಒಂದೇ ಋತುವಿನಲ್ಲಿ ಮೂರು ಪ್ರಶಸ್ತಿ ಗೆದ್ದಿತು. ಬ್ರಯನ್ ಲಾರಾ 501 ಹೊಡೆದದ್ದು ಅದೇ ತಂಡದಲ್ಲಿ, ಅದೇ ವರ್ಷ. ಮುಂದೆ ದಕ್ಷಿಣ ಆಫ್ರಿಕಾ, 2004ರಿಂದ ಪಾಕಿಸ್ತಾನ. ಪಾಕಿಸ್ತಾನದ ಕೊನೆಯ ವರ್ಷವಂತೂ ನೆಮ್ಮದಿ ಕೊಡಲಿಲ್ಲ. ಓವಲ್‌ನಲ್ಲಿ ಚೆಂಡು ಕೆಡಿಸಿದ ಆರೋಪ ಹೊತ್ತು ಟೆಸ್ಟನ್ನೇ ಬಿಟ್ಟುಕೊಡಬೇಕಾಯಿತು. ಅದರ ಬೆನ್ನಿಗೆ ಶೋಯೆಬ್ ಅಖ್ತರ್ ಮತ್ತು ಮೊಹಮ್ಮದ್ ಆಸಿಫ್ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ವಯಸ್ಸು 58, ಭಾರಿ ಮೈ, ಸಕ್ಕರೆ ಕಾಯಿಲೆ ಬೇರೆ.

ಭಾನುವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಕಿಂಗ್‌ಸ್ಟನ್‌ನ ಪೆಗಾಸಸ್ ಹೋಟೆಲಿನ 12ನೇ ಮಹಡಿಯಲ್ಲಿ ಕೋಣೆ ಸ್ವಚ್ಛ ಮಾಡಲು ಬಂದ ಹೆಂಗಸು 374ನೇ ಕೋಣೆಯ ಬಾಗಿಲು ತೆರೆದಳು. ವುಲ್ಮರ್ ಬಚ್ಚಲ ನೆಲದ ಮೇಲೆ ಬಿದ್ದಿದ್ದರು. ಆಸ್ಪತ್ರೆಗೆ ಒಯ್ದರು, ಪ್ರಾಣ ಹೋಗಿತ್ತು. ಹಿಂದಿನ ರಾತ್ರಿ ಅವರು ಕೇಪ್‌ಟೌನ್‌ನಲ್ಲಿದ್ದ ಹೆಂಡತಿ ಗಿಲ್‌ಗೆ ಇಮೇಲ್ ಬರೆದಿದ್ದರು. ಸೋಲಿನಿಂದ ಕುಗ್ಗಿದ ಮನುಷ್ಯನ ಮಾತು ಅದರಲ್ಲಿತ್ತೇ ಹೊರತು ಭಯದ ಸುಳಿವಿರಲಿಲ್ಲ. ಆ ಭಾನುವಾರ ಎಲ್ಲರೂ ಅಂದುಕೊಂಡದ್ದು ಹೃದಯಾಘಾತ ಎಂದೇ.

ಮಾರ್ಚ್ 20ರಂದು ಪೊಲೀಸರು ಇದು ಸಂಶಯಾಸ್ಪದ ಸಾವು ಎಂದರು. 22ರಂದು ಪತ್ರಿಕಾಗೋಷ್ಠಿ ಕರೆದು ಲಿಖಿತ ಹೇಳಿಕೆ ಓದಿದರು. ಕೈಯಿಂದ ಕತ್ತು ಹಿಸುಕಿದ್ದರಿಂದ ಉಸಿರುಗಟ್ಟಿ ಸಾವು, ಆದ್ದರಿಂದ ಕೊಲೆ. ಇದಕ್ಕೆ ಆಧಾರ ಮರಣೋತ್ತರ ಪರೀಕ್ಷೆ ಮಾಡಿದ ಸರ್ಕಾರಿ ವೈದ್ಯ, ಭಾರತ ಮೂಲದ ಡಾ. ಎರೆ ಶೇಷಯ್ಯ ಅವರ ವರದಿ. ನಾಲಗೆಯ ಬುಡದಲ್ಲಿ ಲಾಳದಾಕಾರದ ಒಂದು ಸಣ್ಣ ಮೂಳೆ ಇರುತ್ತದೆ. ಕತ್ತು ಹಿಸುಕಿದಾಗ ಅದು ಮುರಿಯುವುದುಂಟು. ವುಲ್ಮರ್ ಅವರಲ್ಲಿ ಅದು ಮುರಿದಿತ್ತು ಎಂಬುದು ಶೇಷಯ್ಯನವರ ತೀರ್ಮಾನ. ಒಬ್ಬ ವೈದ್ಯರ ಒಂದು ತೀರ್ಮಾನ, ಮತ್ತೊಬ್ಬರು ಪರಿಶೀಲಿಸುವ ಮೊದಲೇ, ನೂರಾರು ಪತ್ರಕರ್ತರ ಮುಂದೆ ಸಿದ್ಧಸತ್ಯವಾಗಿ ಹೊರಬಂತು. ಈ ಕಥೆಯಲ್ಲಿ ಮಾಧ್ಯಮಗಳನ್ನು ದೂರುವ ಮೊದಲು ಇದನ್ನು ಒಪ್ಪಿಕೊಳ್ಳಬೇಕು. ಕೊಲೆ ಎಂದು ಘೋಷಿಸಿದ್ದು ಯಾವ ಪತ್ರಿಕೆಯೂ ಅಲ್ಲ, ಪೊಲೀಸ್ ಇಲಾಖೆ. ಒಂದು ದೇಶದ ಪೊಲೀಸರು ಅಧಿಕೃತವಾಗಿ ಕೊಲೆ ಎಂದಮೇಲೆ ವರದಿಗಾರ ಬರೆಯದೆ ಇರಲಾರ.

ಆದರೆ ಏನನ್ನು ಬರೆಯಬೇಕು, ಎಲ್ಲಿಗೆ ನಿಲ್ಲಿಸಬೇಕು ಎಂಬುದು ಅವನ ಕೈಯಲ್ಲೇ ಇತ್ತು. ತನಿಖೆಯ ಮುಂದಾಳು ಡೆಪ್ಯುಟಿ ಕಮಿಷನರ್ ಮಾರ್ಕ್ ಶೀಲ್ಡ್ಸ್, ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡ್‌ನಿಂದ ಬಂದವರು. ಕ್ಯಾಮೆರಾ ಮುಂದೆ ಚೆನ್ನಾಗಿ ಮಾತಾಡುತ್ತಿದ್ದರು. ಕೋಣೆಗೆ ಬಲವಂತವಾಗಿ ನುಗ್ಗಿದ ಗುರುತಿಲ್ಲ, ಹಾಗಾಗಿ ವುಲ್ಮರ್‌ಗೆ ಗೊತ್ತಿದ್ದವರೇ ಬಂದಿರಬಹುದು ಎಂದರು. ಅಷ್ಟು ದೊಡ್ಡ ಆಳನ್ನು ಹಿಡಿದು ಕೊಲ್ಲಲು ಸಾಕಷ್ಟು ಬಲ ಬೇಕು, ಒಬ್ಬರಿಗಿಂತ ಹೆಚ್ಚು ಜನ ಇದ್ದಿರಬಹುದು ಎಂದೂ ಹೇಳಿದರು. ಯಾರ ಹೆಸರನ್ನೂ ಎತ್ತಲಿಲ್ಲ, ಎತ್ತಬೇಕಾಗಿಯೂ ಇರಲಿಲ್ಲ. ಆ ಹೋಟೆಲಿನಲ್ಲಿ ವುಲ್ಮರ್‌ಗೆ ಗೊತ್ತಿದ್ದ ಗಟ್ಟಿಮುಟ್ಟಾದ ಯುವಕರು ಯಾರೆಂದು ಓದುಗ ತಾನೇ ಲೆಕ್ಕ ಹಾಕಿಕೊಂಡ.

ತಂಡದ ಪ್ರತಿಯೊಬ್ಬರ ಬೆರಳಚ್ಚು ತೆಗೆದುಕೊಂಡರು. ಹೇಳಿಕೆ ಬರೆಸಿಕೊಂಡರು. ಅದಕ್ಕೂ ಮುಂಚೆ, 21ರಂದು, ಕೋಚ್ ಸತ್ತ ಮೂರನೇ ದಿನ ಇದೇ ಹುಡುಗರು ಅದೇ ಸಬೀನಾ ಪಾರ್ಕ್‌ನಲ್ಲಿ ಜಿಂಬಾಬ್ವೆ ಎದುರು ಆಡಬೇಕಾಯಿತು. ಇಮ್ರಾನ್ ನಜೀರ್ 160 ಹೊಡೆದು ಅದನ್ನು ವುಲ್ಮರ್‌ಗೆ ಅರ್ಪಿಸಿದರು. ಪಾಕಿಸ್ತಾನ 93 ರನ್ನಿಂದ ಗೆದ್ದಿತು. ಅದು ಇಂಜಮಾಮ್ ಅವರ ಕೊನೆಯ ಏಕದಿನ ಪಂದ್ಯ. ಔಟಾಗಿ ವಾಪಸಾಗುವಾಗ ಆ ಭಾರಿ ಮೈಯ ಮನುಷ್ಯ ಎಲ್ಲರೆದುರು ಕಣ್ಣೀರು ಹಾಕಿದರು. ಕಣ್ಣೀರನ್ನು ದುಃಖವೆಂದು ನೋಡಿದವರೇ ಮರುದಿನ ಕೊಲೆಯ ಸುದ್ದಿ ಬಂದಮೇಲೆ ಅದಕ್ಕೆ ಬೇರೆ ಅರ್ಥ ಹುಡುಕತೊಡಗಿದರು. ತಂಡ ಮಾಂಟೆಗೊ ಬೇಗೆ ಹೋಯಿತು, ಕ್ಯಾಮೆರಾಗಳೂ ಬೆನ್ನು ಹತ್ತಿದವು. ಹೊರಡುವ ಮುನ್ನ ಇಂಜಮಾಮ್, ಸಹಾಯಕ ಕೋಚ್ ಮುಷ್ತಾಕ್ ಅಹ್ಮದ್, ಮ್ಯಾನೇಜರ್ ತಲತ್ ಅಲಿ ಈ ಮೂವರನ್ನು ಮತ್ತೊಮ್ಮೆ ಪ್ರಶ್ನಿಸಿದರು. ಹೇಳಿಕೆಗಳಲ್ಲಿನ ಸಣ್ಣಪುಟ್ಟ ಗೊಂದಲ ಬಗೆಹರಿಸಿಕೊಳ್ಳಲು ಅಷ್ಟೇ, ಯಾರೂ ಆರೋಪಿಗಳಲ್ಲ ಎಂದು ಪೊಲೀಸರು ಹೇಳಿದರು. 24ರಂದು ತಂಡ ಜಮೈಕಾ ಬಿಟ್ಟಿತು. ಮೂವರನ್ನು ಮತ್ತೆ ಕರೆದರು ಎಂಬ ಮಾತು ತಲೆಬರಹವಾಯಿತು. ಯಾರೂ ಆರೋಪಿಗಳಲ್ಲ ಎಂಬುದು ಒಳಗಿನ ಸಾಲಾಗಿ ಉಳಿಯಿತು.

ಗುಲ್ಲು ಏಕೆ ಅಷ್ಟು ಬೇಗ ಹಬ್ಬಿತು ಎಂದು ಕೇಳಿಕೊಂಡರೆ ಕ್ರಿಕೆಟ್ಟಿನ ಹಳೆಯ ಗಾಯವನ್ನು ಮುಟ್ಟಬೇಕಾಗುತ್ತದೆ. 2000ದಲ್ಲಿ ದೆಹಲಿ ಪೊಲೀಸರು ದಕ್ಷಿಣ ಆಫ್ರಿಕಾದ ನಾಯಕ ಹ್ಯಾನ್ಸಿ ಕ್ರೋನಿಯೆ ಬಾಜಿ ಕಟ್ಟಿಸುವ ಬುಕಿಯ ಜೊತೆ ನಡೆಸಿದ ಫೋನ್ ಸಂಭಾಷಣೆಯನ್ನು ಬಯಲಿಗೆಳೆದಾಗಿನಿಂದ ಪ್ರತಿ ಅನಿರೀಕ್ಷಿತ ಸೋಲಿಗೂ ಬುಕಿಯ ನೆರಳು ಅಂಟಿಕೊಂಡಿತ್ತು. ಪಾಕಿಸ್ತಾನದಲ್ಲಿ ನ್ಯಾಯಮೂರ್ತಿ ಖಯ್ಯೂಮ್ ಅವರ ಫಿಕ್ಸಿಂಗ್ ತನಿಖೆಯ ಫಲವಾಗಿ ಮಾಜಿ ನಾಯಕ ಸಲೀಂ ಮಲಿಕ್‌ಗೆ ಆಜೀವ ನಿಷೇಧ ಬಿದ್ದಿತ್ತು. ವುಲ್ಮರ್ ಅದೇ ಕ್ರೋನಿಯೆಯ ಕೋಚ್ ಆಗಿದ್ದವರು. 1996ರ ಭಾರತ ಪ್ರವಾಸದ ಕೊನೆಗೆ ಕ್ರೋನಿಯೆ ಇಡೀ ತಂಡದ ಮುಂದೆ ಪಂದ್ಯ ಸೋಲಲು ಹಣದ ಆಮಿಷವನ್ನು ಇಟ್ಟು, ತಂಡ ಅದನ್ನು ತಳ್ಳಿಹಾಕಿದಾಗಲೂ ಅವರೇ ಕೋಚ್. ಕ್ರೋನಿಯೆ 2002ರಲ್ಲಿ ವಿಮಾನಾಪಘಾತದಲ್ಲಿ ಸತ್ತರು. ಈ ಬಿಡಿ ಚುಕ್ಕೆಗಳನ್ನು ಗೆರೆ ಎಳೆದು ಸೇರಿಸುವುದು ಬಹಳ ಸುಲಭ. ವುಲ್ಮರ್‌ಗೆ ಯಾವುದೋ ಗುಟ್ಟು ಗೊತ್ತಿತ್ತಂತೆ, ಪುಸ್ತಕ ಬರೆಯುತ್ತಿದ್ದರಂತೆ, ಫಿಕ್ಸಿಂಗ್ ಮಾಫಿಯಾ ಬಾಯಿ ಮುಚ್ಚಿಸಿತಂತೆ. ಮಾಜಿ ಆಟಗಾರರೂ ಟಿವಿಯಲ್ಲಿ ಕೂತು ಇದನ್ನೇ ಹೇಳಿದರು.

ಪುಸ್ತಕದ ಮಾತು ನಿಜವೇ ಆಗಿತ್ತು. ವುಲ್ಮರ್ ದಕ್ಷಿಣ ಆಫ್ರಿಕಾದ ಕ್ರೀಡಾ ವಿಜ್ಞಾನಿ ಟಿಮ್ ನೋಕ್ಸ್ ಅವರ ಜೊತೆ ವರ್ಷಗಳಿಂದ ಒಂದು ಪುಸ್ತಕದ ಕೆಲಸದಲ್ಲಿದ್ದರು. ಅದು ಅವರ ಮರಣಾನಂತರ 2008ರಲ್ಲಿ ಹೊರಬಂತು. ಬ್ಯಾಟಿಂಗ್ ನಿಲುವು, ಬೌಲರನ ಬೆನ್ನುಮೂಳೆಯ ಮೇಲೆ ಬೀಳುವ ಒತ್ತಡ, ಕಣ್ಣು ಚೆಂಡನ್ನು ಹಿಂಬಾಲಿಸುವ ಬಗೆ, ಆಟಗಾರನ ಆಹಾರ ಇವೆಲ್ಲ ತುಂಬಿದ ದಪ್ಪ ತರಬೇತಿ ಗ್ರಂಥ. ಅದನ್ನು ಕೈಯಲ್ಲಿ ಹಿಡಿದವರಿಗೆ ಆ ಮನುಷ್ಯನ ತಲೆಯಲ್ಲಿ ಕಡೆಯ ತನಕ ಏನು ಓಡುತ್ತಿತ್ತು ಎಂಬುದು ತಿಳಿಯುತ್ತದೆ. ಅಂಥವನ ಹೆಸರನ್ನು ತಿಂಗಳುಗಟ್ಟಲೆ ಬುಕಿಗಳ ಹೆಸರಿನ ಪಕ್ಕದಲ್ಲಿಟ್ಟು ಓದಬೇಕಾಯಿತಲ್ಲ ಎಂಬುದು ನನಗೆ ಇಂದಿಗೂ ನೋವಿನ ಸಂಗತಿ.

ನಮ್ಮ ಕಡೆಯೂ ಆ ದಿನಗಳಲ್ಲಿ ಸುದ್ದಿಮನೆಗಳ ರೀತಿ ಇದಕ್ಕಿಂತ ಬೇರೆಯಾಗಿರಲಿಲ್ಲ. 24 ಗಂಟೆಯ ವಾಹಿನಿಗಳು ಭಾರತದ ಎಲ್ಲ ಭಾಷೆಗಳಲ್ಲಿ ತಲೆಯೆತ್ತುತ್ತಿದ್ದ ಕಾಲ. ಮಾರ್ಚ್ 23ರಂದು ಭಾರತ ಶ್ರೀಲಂಕಾಗೆ 69 ರನ್ನಿಂದ ಸೋತಿತು. ಬಾಂಗ್ಲಾದೇಶ ಬರ್ಮುಡಾವನ್ನು ಮಣಿಸಿದ ಮೇಲೆ ಉಳಿದಿದ್ದ ಆಸೆಯೂ ಹೋಯಿತು. ರಾಂಚಿಯಲ್ಲಿ ಧೋನಿ ಕಟ್ಟಿಸುತ್ತಿದ್ದ ಮನೆಯ ಮೇಲೆ ಮೊದಲ ಸೋಲಿಗೇ ಜನ ನುಗ್ಗಿದ್ದರು. ಈಗ ಊರೂರಲ್ಲಿ ಅಣಕು ಶವಯಾತ್ರೆ. ಕೋಚ್ ಗ್ರೆಗ್ ಚಾಪೆಲ್‌ಗೂ ಹಿರಿಯ ಆಟಗಾರರಿಗೂ ನಡುವಿನ ಮನಸ್ತಾಪ ದಿನಕ್ಕೊಂದು ‘ಮೂಲಗಳ ಪ್ರಕಾರ’ದ ರೂಪದಲ್ಲಿ ಮುಖಪುಟಕ್ಕೆ ಬಂತು. ತಂಡದಲ್ಲಿ ನಾಯಕ ದ್ರಾವಿಡ್ ಜೊತೆಗೆ ಅನಿಲ್ ಕುಂಬ್ಳೆ, ರಾಬಿನ್ ಉತ್ತಪ್ಪ ಇದ್ದರು, ಹಾಗಾಗಿ ಕರ್ನಾಟಕಕ್ಕೆ ಆ ಸೋಲು ಮನೆಯ ಸೋಲೇ. ಕುಂಬ್ಳೆ ಮಾರ್ಚ್ ಮುಗಿಯುವುದರೊಳಗೆ ಏಕದಿನ ಕ್ರಿಕೆಟ್ಟಿಗೆ ವಿದಾಯ ಹೇಳಿದರು. 271 ಪಂದ್ಯ, 337 ವಿಕೆಟ್‌ಗಳ ಆ ಬದುಕಿಗೆ ಸಿಗಬೇಕಾದ ಗೌರವದ ವಿದಾಯ ಆ ಗದ್ದಲದಲ್ಲಿ ಸಿಗಲಿಲ್ಲ. ತಂಡ ದೆಹಲಿಗೆ ಬಂದಿಳಿದಾಗ ಪೊಲೀಸ್ ವ್ಯಾನಿನಲ್ಲಿ ಕೂತು ಹೊರಟಿದ್ದನ್ನು, ಸುತ್ತ ವಾಹಿನಿಗಳ ಕಾರುಗಳು ದೀಪ ಬೆಳಗಿಸಿಕೊಂಡು ಅಟ್ಟಿಸಿಕೊಂಡು ಬಂದದ್ದನ್ನು, ತಾವೇನೋ ಕೊಲೆಗಾರರೋ ಭಯೋತ್ಪಾದಕರೋ ಅನ್ನಿಸಿದ್ದನ್ನು ಧೋನಿ ಎಷ್ಟೋ ವರ್ಷಗಳ ನಂತರ ಹೇಳಿಕೊಂಡಿದ್ದಾರೆ. ಭಾರತದ ಆಟಗಾರರಿಗೆ ಅದು ಒಂದು ರಾತ್ರಿಯ ಭಾವನೆ. ಪಾಕಿಸ್ತಾನದವರಿಗೆ ಅದೇ ತನಿಖೆಯ ಕಡತ.

ಏಪ್ರಿಲ್ ಬಂತು. ಲಂಡನ್ನಿನಿಂದ ಪತ್ತೇದಾರರು ಬಂದರು. ಹೋಟೆಲಿನ ಸಿಸಿಟಿವಿ ಚಿತ್ರಗಳನ್ನು ಒಂದೊಂದಾಗಿ ನೋಡುತ್ತಿದ್ದಾರೆ ಎಂಬುದೇ ವಾರಗಟ್ಟಲೆ ಸುದ್ದಿ. ಕತ್ತಿನ ಮೇಲೆ ಹೊರಗೆ ಹೇಳಿಕೊಳ್ಳುವಂಥ ಗಾಯವಿರಲಿಲ್ಲ, ಕೋಣೆಯಲ್ಲಿ ಹೊಡೆದಾಟದ ಕುರುಹಿರಲಿಲ್ಲ. ಹೀಗಿದ್ದಾಗ ಇದು ಕೊಲೆಯೇ ಹೌದೇ ಎಂದು ಕೇಳಬೇಕಿತ್ತು. ಕೆಲವು ವರದಿಗಾರರು, ಕೆಲವು ವೈದ್ಯರು ಕೇಳಿದರು ಕೂಡ. ಬಹುಪಾಲು ಸುದ್ದಿ ಮಾತ್ರ ಇನ್ನೊಂದು ದಾರಿ ಹಿಡಿಯಿತು. ಹೊಡೆದಾಟವಿಲ್ಲ ಎಂದಮೇಲೆ ಮೊದಲೇ ವಿಷ ಕೊಟ್ಟು ನಿಶ್ಚೇಷ್ಟಗೊಳಿಸಿರಬೇಕು! ಹಾವಿನ ವಿಷ, ಕಳೆನಾಶಕ, ವತ್ಸನಾಭಿಯಂಥ ನಾರುಬೇರಿನ ವಿಷ ಹೀಗೆ ದಿನಕ್ಕೊಂದು ಹೆಸರು. ಏಪ್ರಿಲ್ 30ರಂದು ಬಿಬಿಸಿಯ ಹೆಸರಾಂತ ‘ಪನೋರಮಾ’ ಕಾರ್ಯಕ್ರಮವೇ, ಕತ್ತು ಹಿಸುಕುವ ಮುನ್ನ ವುಲ್ಮರ್‌ಗೆ ಮದ್ದು ಹಾಕಲಾಗಿತ್ತು ಎಂದು ಹೇಳಿತು. ಸಾಕ್ಷಿ ಇಲ್ಲದಿರುವುದೇ ಕೊಲೆಗಾರನ ಜಾಣತನಕ್ಕೆ ಸಾಕ್ಷಿ ಎಂಬ ತರ್ಕ ಒಮ್ಮೆ ಹಿಡಿದರೆ ಅದಕ್ಕೆ ಕೊನೆಯಿಲ್ಲ. ವಿಶ್ವಕಪ್ ಅಷ್ಟರಲ್ಲಿ ತನ್ನ ಪಾಡಿಗೆ ನಡೆದು ಮುಗಿದಿತ್ತು. ಏಪ್ರಿಲ್ 15ರಂದು ಬಾರ್ಬಡೋಸ್‌ನ ಬ್ರಿಜ್‌ಟೌನ್‌ನಲ್ಲಿ ಭಾರತ ಮತ್ತು ಪಾಕಿಸ್ತಾನ ಎದುರಾಗುತ್ತವೆ ಎಂದು ಎಲ್ಲರೂ ಲೆಕ್ಕ ಹಾಕಿದ್ದರು. ಆ ದಿನ ಅಲ್ಲಿ ಆಡಿದ್ದು ಐರ್ಲೆಂಡ್ ಮತ್ತು ಬಾಂಗ್ಲಾದೇಶ. ಐರ್ಲೆಂಡ್ ಅಂದೂ ಗೆದ್ದಿತು. ಮಾರ್ಚ್ 17ರ ಗೆಲುವು ಆ ದೇಶದ ಕ್ರಿಕೆಟ್ಟಿನ ಅತಿ ದೊಡ್ಡ ದಿನ. ಆ ದಿನದ ಸಂಭ್ರಮಕ್ಕೆ ಆಯುಸ್ಸು ಒಂದು ರಾತ್ರಿ ಮಾತ್ರ ಸಿಕ್ಕಿತು.

ಇತ್ತ ಬ್ರಿಟನ್ನಿನ ನಥಾನಿಯಲ್ ಕ್ಯಾರಿ, ಕೆನಡಾದ ಮೈಕೆಲ್ ಪೊಲನೆನ್, ದಕ್ಷಿಣ ಆಫ್ರಿಕಾದ ಲೋರ್ನಾ ಮಾರ್ಟಿನ್ ಎಂಬ ಮೂವರು ವಿಧಿವಿಜ್ಞಾನ ತಜ್ಞರು ಶೇಷಯ್ಯನವರ ವರದಿಯನ್ನು ಬೇರೆಬೇರೆಯಾಗಿ ಪರಿಶೀಲಿಸಿದರು. ಎಕ್ಸ್-ರೇಯಲ್ಲಿ ಆ ಲಾಳದ ಮೂಳೆ ಮುರಿದೇ ಇರಲಿಲ್ಲ. ಕತ್ತು ಹಿಸುಕಿದ್ದಕ್ಕೆ ಆಧಾರವೇ ಇಲ್ಲ ಎಂಬುದು ಅವರ ಅಭಿಪ್ರಾಯ. ಜೂನ್ 12ರಂದು ಪೊಲೀಸ್ ಕಮಿಷನರ್ ಲೂಷಿಯಸ್ ಥಾಮಸ್ ಕಿಂಗ್‌ಸ್ಟನ್‌ನಲ್ಲಿ ಮತ್ತೆ ಪತ್ರಿಕಾಗೋಷ್ಠಿ ಕರೆದರು. ವುಲ್ಮರ್ ಅವರದು ಸಹಜ ಸಾವು, ಅವರನ್ನು ಯಾರೂ ಕೊಂದಿಲ್ಲ, ಸಾವಿಗೆ ಕಾರಣವಾಗುವಂಥ ಯಾವ ವಸ್ತುವೂ ದೇಹದಲ್ಲಿ ಸಿಕ್ಕಿಲ್ಲ ಎಂದು ಘೋಷಿಸಿದರು. ಸುದ್ದಿ ಎಲ್ಲೆಡೆ ಬಂತು, ನಿಜ. ಆದರೆ ಕೊಲೆ ಎಂದಾಗ ಬಂದಿದ್ದ ನೇರ ಪ್ರಸಾರ, ಚರ್ಚೆ, ಹೋಟೆಲಿನ ನಕ್ಷೆ, ಆಟಗಾರರ ಮುಖಗಳ ಸಾಲು ಇವು ಯಾವುವೂ ಮತ್ತೆ ಬರಲಿಲ್ಲ. ಬೆರಳಚ್ಚು ಕೊಟ್ಟು ಬಂದ ಒಬ್ಬೊಬ್ಬನ ಹೆಸರನ್ನೂ ಹಿಡಿದು ಇವನು ನಿರಪರಾಧಿ ಎಂದು ಅಷ್ಟೇ ದೊಡ್ಡಕ್ಷರದಲ್ಲಿ ಬರೆಯುವ ಋಣ ಮಾಧ್ಯಮಗಳ ಮೇಲಿತ್ತು. ಅದನ್ನು ತೀರಿಸಿದವರು ಬಹಳ ಕಡಿಮೆ.

ಅಷ್ಟಕ್ಕೇ ಮುಗಿದಿದ್ದರೂ ಆಗುತ್ತಿತ್ತು. ಆದರೆ ಮುಗಿಯಲಿಲ್ಲ. ಅಕ್ಟೋಬರಿನಲ್ಲಿ ಕಿಂಗ್‌ಸ್ಟನ್‌ನಲ್ಲಿ ಸಾವಿನ ಕಾರಣ ತಿಳಿಯಲು ನ್ಯಾಯಾಲಯದ ವಿಚಾರಣೆ ಶುರುವಾಯಿತು. ಅದಕ್ಕೆ ಕೆಲವೇ ದಿನ ಮೊದಲು ಲಾಹೋರಿನಲ್ಲಿ ಇಂಜಮಾಮ್ ತಮ್ಮ ಕೊನೆಯ ಟೆಸ್ಟ್ ಆಡಿದ್ದರು. ಜಾವೇದ್ ಮಿಯಾಂದಾದ್ ಅವರ ಒಟ್ಟು ರನ್ನಿನ ದಾಖಲೆಗೆ ಮೂರೇ ಮೂರು ರನ್ ಕಡಿಮೆಯಿದ್ದಾಗ ಸ್ಟಂಪ್ ಆಗಿ ಹೊರನಡೆದರು. ವಿಚಾರಣೆಯಲ್ಲಿ 50ಕ್ಕೂ ಹೆಚ್ಚು ಜನ ಸಾಕ್ಷಿ ನುಡಿದರು. ವಿದೇಶಿ ತಜ್ಞರು ತಮ್ಮ ಅಭಿಪ್ರಾಯ ವಿವರಿಸಿದರು. ಡಾ. ಶೇಷಯ್ಯ ಮಾತ್ರ ತಮ್ಮ ಮಾತಿನಿಂದ ಹಿಂದೆ ಸರಿಯಲಿಲ್ಲ. ಜಮೈಕಾದ ಪ್ರಯೋಗಾಲಯದ ಕಡೆಯಿಂದ ಕೀಟನಾಶಕದ ಅಂಶ ಸಿಕ್ಕಿದ್ದಾಗಿ ಹೇಳಿಕೆ ಬಂತು. 11 ಜನರ ಜ್ಯೂರಿಗೆ ಒಂದರ ಮೇಲೊಂದು ಬಿದ್ದ ಈ ವಿರುದ್ಧ ಮಾತುಗಳನ್ನು ಬಿಡಿಸಿ ನೋಡುವುದು ಆಗಲಿಲ್ಲ. ನವೆಂಬರ್ 28ರಂದು ಅವರು ಕೊಲೆ ಎನ್ನಲಿಲ್ಲ, ಸಹಜ ಸಾವು ಎಂದೂ ಹೇಳಲಿಲ್ಲ. ತೀರ್ಮಾನವನ್ನು ಮುಕ್ತವಾಗಿ ಬಿಟ್ಟರು.

ನಾನು ಆ ಮೂವರು ತಜ್ಞರ ಮಾತನ್ನು ನಂಬುತ್ತೇನೆ. ಮೂರು ಖಂಡಗಳಿಂದ ಬಂದು ಬಿಡಿಬಿಡಿಯಾಗಿ ನೋಡಿದವರು ಒಂದೇ ಮಾತು ಹೇಳಿದರು, ಎಕ್ಸ್-ರೇ ಅದಕ್ಕೆ ಒದಗಿತು. ಆದರೆ ಜ್ಯೂರಿ ಬಿಟ್ಟುಹೋದ ಆ ಸಂದಿನಲ್ಲಿ ಪ್ರತಿ ಮಾರ್ಚ್ ತಿಂಗಳಿಗೂ, ಪ್ರತಿ ವಿಶ್ವಕಪ್ಪಿಗೂ ಹಳೆಯ ಕಥೆ ಹೊಸ ತಲೆಬರಹ ಹಾಕಿಕೊಂಡು ಬರುತ್ತಲೇ ಇದೆ. ಪಾಕಿಸ್ತಾನ ವುಲ್ಮರ್‌ಗೆ ಮರಣೋತ್ತರವಾಗಿ ಸಿತಾರಾ ಇ ಇಮ್ತಿಯಾಜ್ ಗೌರವ ಕೊಟ್ಟಿತು. ಅವರ ಹೆಸರನ್ನು ಇಂದು ಅಂತರ್ಜಾಲದಲ್ಲಿ ಹುಡುಕಿದವರಿಗೆ ಆ ಗೌರವಕ್ಕಿಂತ, ಓವಲ್‌ನ 149ಕ್ಕಿಂತ, ನೋಕ್ಸ್ ಜೊತೆ ಬರೆದ ಗ್ರಂಥಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಕೊಲೆ ಎಂಬ ಪದ ಮತ್ತು ಅದರ ಮುಂದೊಂದು ಪ್ರಶ್ನೆಚಿಹ್ನೆ.